ಸುಟ್ಟು ಕೇಳುವ ಕೆಲಸ

"ಇವತ್ತು ಇವಕ್ಕೆಲ್ಲ ಏನು ಬಂದಿದೆ, ಒಂದೂ ಬಾಯಿ ಬಿಡ್ತಿಲ್ಲವಲ್ಲ?"

ಅವಳು ಯಾರನ್ನೂ ಕೇಳಿರಲಿಲ್ಲ. ಎದುರಿಗೆ ಸೊಂಟದೆತ್ತರದ ರಾಶಿ ಬಿದ್ದಿತ್ತು. ಒಡೆದ ಟಿವಿಗಳ ಬೆನ್ನು, ಕಂಪ್ಯೂಟರಿನ ಕೀಲಿಮಣೆ, ಮೊಬೈಲ್ ಚಾರ್ಜರಿನ ಚಿಪ್ಪು. ಬಲಗೈಯಲ್ಲಿ ಲೈಟರ್, ಎಡಗೈಯಲ್ಲಿ ಬೂದು ಬಣ್ಣದ ಒಂದು ಚೂರು. ಚೂರಿನ ಅಂಚಿಗೆ ಬೆಂಕಿ ತಾಗಿಸಿ, ಉಫ್ ಎಂದು ಆರಿಸಿ, ಏಳುವ ಹೊಗೆಯನ್ನು ಮೂಗಿನ ಹತ್ತಿರ ತರುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಕಣ್ಣಿಗೆ ಎಲ್ಲ ಪ್ಲಾಸ್ಟಿಕ್ಕೂ ಒಂದೇ. ಸುಟ್ಟಾಗ ಮಾತ್ರ ಒಂದು ಮೇಣದಂತೆ, ಒಂದು ಬಾಡಿದ ಹೂವಿನಂತೆ ಸಿಹಿಯಾಗಿ, ಮತ್ತೊಂದು ಗಂಟಲಿಗೆ ಸೂಜಿ ಚುಚ್ಚಿದಂತೆ ಖಾರವಾಗಿ, ತಾನು ಯಾವುದೆಂದು ಹೇಳಿಬಿಡುತ್ತದೆ. ಹಳೆಯ ಪ್ಲಾಸ್ಟಿಕ್ಕನ್ನು ಜಾತಿವಾರು ಬೇರೆ ಮಾಡುವ ಆ ಶೆಡ್ಡಿನಲ್ಲಿ ಯಾರೂ 'ಮೂಸು' ಎನ್ನುತ್ತಿರಲಿಲ್ಲ. 'ಕೇಳು' ಎನ್ನುತ್ತಿದ್ದರು. "ಅಕ್ಕಾ, ಇದನ್ನೊಂದು ಚೂರು ಕೇಳಿ ಹೇಳು" ಎಂದು ಉಳಿದ ಹೆಂಗಸರು ಅನುಮಾನದ ಚೂರುಗಳನ್ನೆಲ್ಲ ಅವಳ ಮುಂದೆಯೇ ತಂದು ಹಾಕುತ್ತಿದ್ದರು.

ಎಲ್ಲರಿಗೂ ಅವಳು ಮೂಗಕ್ಕ. ಹೊಸದಾಗಿ ಬಂದ ಲಾರಿ ಡ್ರೈವರೊಬ್ಬ ಆ ಹೆಸರು ಕೇಳಿ, ಪಾಪ ಮಾತು ಬಾರದವಳೆಂದು ತಿಳಿದು, ಮೂಟೆ ಎಲ್ಲಿ ಇಳಿಸಲಿ ಎಂದು ಹತ್ತು ನಿಮಿಷ ಕೈಸನ್ನೆ ಮಾಡಿದ್ದ. ಅವಳು ಕೊನೆಯವರೆಗೂ ಸುಮ್ಮನೆ ತಲೆಯಾಡಿಸಿ, "ಕೈ ನೋಯ್ತಾ ಇಲ್ವೇನಣ್ಣ?" ಎಂದಾಗ ಅವನು ಬೆಚ್ಚಿ ಹಿಂದಕ್ಕೆ ಹಾರಿದ್ದ.

ಇಂದು ಆ ಮೂಗಿಗೆ ಯಾವುದೂ ಕೇಳುತ್ತಿರಲಿಲ್ಲ. ಹೊಗೆ ಏಳುತ್ತಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಆದರೆ ಮೇಣವೂ ಇಲ್ಲ, ಹೂವೂ ಇಲ್ಲ. ಎಲ್ಲದಕ್ಕೂ ಒಂದೇ ಉರಿ.

ಸಂಜೆ ಗಂಡ ಹಾಲಿನ ಲೋಟವನ್ನು ಮೂಗಿನವರೆಗೆ ತಂದು ಕೆಳಗಿಟ್ಟ. "ಮೂಗಿಗೇ ಸಂಬಳ ತಗೊಳ್ಳೋಳು ನೀನು. ಒಡೆದ ಹಾಲು ಕೊಡ್ತೀಯಲ್ಲೇ!"

"ನೆಗಡಿ ಕಣ್ರೀ."

ಅವನು ನಕ್ಕ. ಅವಳೂ ನಕ್ಕಳು. ಆ ಒಂದು ಮಾತನ್ನೇ ಮೂರು ವಾರ ಹೊದ್ದುಕೊಂಡು ತಿರುಗಿದಳು. ಚೂರನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದಿಗೆ ಕಿವಿ ಕೊಟ್ಟಳು, ಉರಿಯ ಬಣ್ಣ ನೋಡಿದಳು, ಬಗ್ಗಿಸಿ ಮುರಿದು ನೋಡಿದಳು. ಹತ್ತರಲ್ಲಿ ಎಂಟು ಸರಿಹೋಗುತ್ತಿದ್ದವು. ಮೂಗು ಹೋಯಿತೆಂದು ಬಾಯಿಬಿಟ್ಟರೆ ಮರುದಿನದಿಂದ ಆ ಶೆಡ್ಡಿನಲ್ಲಿ ತನಗೆ ಜಾಗವಿಲ್ಲವೆಂದು ಅವಳಿಗೆ ಗೊತ್ತಿತ್ತು.

ತಗಡಿನ ಗೋಡೆಯ ಆಚೆ ಕರಗಿಸುವ ಯಂತ್ರ ನಡೆಸುತ್ತಿದ್ದವನು ಅವಳ ಒಡಹುಟ್ಟಿದ ತಮ್ಮ. ಚೂರುಗಳನ್ನು ಯಂತ್ರದ ಬಾಯಿಗೆ ಸುರಿದರೆ ಇತ್ತ ಕಾಳುಕಾಳಾಗಿ ಬರುತ್ತಿದ್ದವು. ಆ ಕಾಳು ಮತ್ತೆ ಹೊಸ ಚಾರ್ಜರಾಗಿ ಅಂಗಡಿ ಸೇರುತ್ತಿತ್ತು. ಯಂತ್ರ ತೊಳೆದ ನೀರು ಶೆಡ್ಡಿನ ಹಿಂದಿನ ಕಾಲುವೆಗೆ ಹೋಗುತ್ತಿತ್ತು. ಕಾಲುವೆಯ ದಡದಲ್ಲಿ ಹುಲ್ಲು ಹುಟ್ಟದೆ ಎಷ್ಟೋ ವರ್ಷವಾಗಿತ್ತು. ಸಿಹಿ ಜಾತಿಯ ಜೊತೆ ಖಾರದ ಜಾತಿ ಬೆರೆಯಬಾರದು. ಬೆರೆತರೆ ಆ ಕಾವಿಗೆ ಖಾರದ್ದು ಆಮ್ಲದ ಹಬೆ ಉಗುಳುತ್ತದೆ. ಆದ್ದರಿಂದ ತಮ್ಮ ಬೇರೆಯವರ ಬುಟ್ಟಿಗಳನ್ನು ನೆಲದ ಮೇಲೆ ಹರವಿ, ಕೈಯಾಡಿಸಿ ನೋಡಿಯೇ ಸುರಿಯುತ್ತಿದ್ದ. ಅಕ್ಕನ ಬುಟ್ಟಿ ಬಂದರೆ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೋಡೆಯಾಚೆ ಕೆಮ್ಮು ಕೇಳಿಸಿತು. ಮೊದಲು ಒಂದು, ಆಮೇಲೆ ನಿಲ್ಲದ ಕೆಮ್ಮು, ಆಮೇಲೆ ಏನೋ ಬಿದ್ದ ಸದ್ದು. ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ಅವನನ್ನು ಎಳೆದು ತಂದರು. ಯಂತ್ರದ ಬಳಿ ಮಗುಚಿದ್ದ ಬುಟ್ಟಿಯ ಹಿಡಿಕೆಗೆ ಗುರುತಿಗೆಂದು ಮೂಗಕ್ಕನ ಹಳೆಯ ಸೀರೆಯ ಚಿಂದಿ ಸುತ್ತಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ ಅವನ ಪುಪ್ಪುಸದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, ನೆಗಡಿಯಿಂದ ತನಗೆ ವಾಸನೆ ತಿಳಿಯುತ್ತಿಲ್ಲವೆಂದ ಅಕ್ಕನ ಕಡೆ ತಿರುಗಿ, ಒಂದು ಡಬ್ಬಿ ತೆರೆದು ಮೂಗಿನ ಕೆಳಗೆ ಹಿಡಿದಳು.

"ಏನಿದು?"

"ಖಾಲಿ ಡಬ್ಬಿ."

"ಕಾಫಿ ಪುಡಿ. ಇದು ನೆಗಡಿ ಅಲ್ಲಮ್ಮ. ವಾಸನೆ ಇನ್ನು ಬರಲಿಕ್ಕಿಲ್ಲ."

ತಮ್ಮನಿಗೆ ಮಾತಾಡುವಷ್ಟು ಉಸಿರು ಬಂದದ್ದು ಆರನೆಯ ದಿನ. "ನೀನು ಕೇಳಿ ಹಾಕಿದ್ದು ಅಂತ ನಾನು ನೋಡಲೇ ಇಲ್ಲಕ್ಕ. ಯಾರೋ ನಿನ್ನ ಬುಟ್ಟಿಗೆ ಕೈ ಹಾಕಿದಾರೆ. ಯಾರು ಅಂತ ಕಂಡುಹಿಡಿ."

ಅವಳು ಮಂಚದ ಕಬ್ಬಿಣ ಹಿಡಿದುಕೊಂಡಳು. "ಯಾರೂ ಇಲ್ಲ ಕಣೋ. ನಾನೇ ಹಾಕಿದ್ದು. ನನ್ನ ಮೂಗು ಸತ್ತು ಆವತ್ತಿಗೆ ಮೂರು ವಾರ ಆಗಿತ್ತು. ಹೇಳೋಕೆ ಹೆದರಿದೆ."

ಅವನು ಅವಳನ್ನೇ ನೋಡಿದ. ಬೈಯುವನೆಂದು ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಅವನು ಗೋಡೆಯ ಕಡೆ ಹೊರಳಿ ಮಲಗಿದ.

ಮಾಲೀಕ ಕೆಟ್ಟವನಲ್ಲ. ಆಸ್ಪತ್ರೆಗೆ ಎರಡು ಸಲ ಬಂದು ಹೋಗಿದ್ದ. ಮರುವಾರ ಅವಳನ್ನು ಶೆಡ್ಡಿಗೆ ಕರೆಸಿ, ರಾಶಿಯ ಪಕ್ಕದಲ್ಲೇ ಕುರ್ಚಿ ಎಳೆದು ಕೂರಿಸಿದ. ಹದಿನೆಂಟು ವರ್ಷದಲ್ಲಿ ಅವಳು ಆ ಶೆಡ್ಡಿನಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ಮೂಗು ಹೋದ್ರೆ ಹೋಗ್ಲಿ, ನೆನಪು ಎಲ್ಲಿಗೆ ಹೋಗುತ್ತೆ? ನೀನಿನ್ನು ಸುಡೋದು ಬೇಡ, ಪಕ್ಕದಲ್ಲಿ ಕೂತು ಕಲಿಸು ಸಾಕು. ಸಂಬಳ ಅದೇ ಇರುತ್ತೆ."

"ಬೆಳಕು ಹಾಯಿಸಿ ಪ್ಲಾಸ್ಟಿಕ್ಕಿನ ಗುರುತು ಹಿಡಿಯೋ ಯಂತ್ರ ಇದೆಯಂತಲ್ಲ ಯಜಮಾನ್ರೆ?"

"ಇದೆ. ಅದನ್ನ ತರೋಕೆ ನಾನು ಇನ್ನೊಂದು ಜನ್ಮ ಎತ್ತಿ ಬರಬೇಕು. ನೋಡು, ನಾವು ಬಾಗಿಲು ಹಾಕಿದ್ರೆ ಜನ ಟಿವಿ, ಫೋನು ಕೊಳ್ಳೋದು ಬಿಡ್ತಾರಾ? ಈ ಕಸ ಎಲ್ಲ ಹೊಳೆಗೆ ಬೀಳುತ್ತೆ, ಇಲ್ಲಾ ಬಯಲಲ್ಲಿ ಉರಿಯುತ್ತೆ. ಆಗ ಊರಿಗೆ ಊರೇ ಅದನ್ನ ಕುಡಿಯಬೇಕು. ನೀನು ಮಾಡ್ತಿರೋದು ಪುಣ್ಯದ ಕೆಲಸ ಕಣಮ್ಮ."

ಆ ಮಾತು ಸುಳ್ಳೆನ್ನಲು ಅವಳಿಗೆ ಆಗಲಿಲ್ಲ. "ಯಾರಿಗೆ ಕಲಿಸೋದು?" ಎಂದಳು.

ಅವನು ಬಾಗಿಲ ಕಡೆ ಕೈ ಮಾಡಿದ. ತಮ್ಮನ ಹೆಂಡತಿ ಒಳಗೆ ಬಂದಳು. ಇಪ್ಪತ್ತಾರರ ಹೆಣ್ಣು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿದ್ದಳು, ಕೈಯಲ್ಲಿ ಹೊಸ ಲೈಟರ್ ಇತ್ತು. ಬಂದವಳೇ ಅತ್ತಿಗೆಯ ಕಾಲ ಬಳಿ ನೆಲದ ಮೇಲೆ ಕೂತು, ರಾಶಿಯಿಂದ ಒಂದು ಚೂರು ಎತ್ತಿಕೊಂಡಳು.

"ನೀನು ಯಾಕೆ ಬಂದೆ?"

"ಇನ್ಯಾರು ಬರ್ತಾರೆ ಅತ್ತಿಗೆ? ಅವರು ಎರಡು ಹೆಜ್ಜೆ ನಡೆದ್ರೆ ಗೋಡೆ ಹಿಡ್ಕೋತಾರೆ."

"ಅವನಿಗೆ ಗೊತ್ತಾ?"

"ಗೊತ್ತು. ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ."

"ಬೇರೆ ಏನಾದ್ರೂ ಕೆಲಸ..."

"ಬೇರೆ ಕೆಲಸ ಎಲ್ಲಿದೆ, ತೋರಿಸಿ. ನೀವು ಇಷ್ಟು ವರ್ಷ ಮಾಡ್ಲಿಲ್ವಾ? ನಿಮಗೊಂದು ನ್ಯಾಯ, ನನಗೊಂದಾ?" ಅವಳ ದನಿ ಏರಿ, ಕೂಡಲೇ ಇಳಿಯಿತು. "ನಿಮ್ಮ ಕೈಯಿಂದಲೇ ನಮ್ಮ ಮನೆಗೆ ಇದಾಯ್ತು ಅಂತ ನಾನು ಒಂದು ಮಾತೂ ಆಡಿಲ್ಲ. ಆಡೋದೂ ಇಲ್ಲ. ಇದೊಂದು ಕಲಿಸಿಬಿಡಿ."

ಚೂರಿನ ಅಂಚಿಗೆ ಬೆಂಕಿ ಹಿಡಿದು, ಊದಿ ಆರಿಸಿ, ಕಣ್ಣು ಮುಚ್ಚಿ ಮೂಗಿಗೆ ತಂದಳು. ಹೊಗೆ ಒಳಗೆ ಹೋಗಿ ಕೆಮ್ಮು ಬಂತು. ಕೆಮ್ಮುತ್ತಲೇ ಅಂದಳು: "ಸಿಹಿ ಅನ್ಸುತ್ತೆ. ಅಲ್ವಾ? ಇದು ಯಾವುದು?"

ಮೂಗಕ್ಕ ಕುರ್ಚಿಯಿಂದ ಎದ್ದಳು. ಬಗ್ಗಿ, ಹೊಗೆಯಾಡುತ್ತಿದ್ದ ಚೂರನ್ನು ಅವಳ ಕೈಯಿಂದ ಕಿತ್ತು ಕಾಲಡಿ ಹಾಕಿ ಹೊಸಕಿದಳು. ಸುತ್ತಲಿನ ಲೈಟರುಗಳು ಒಂದೊಂದಾಗಿ ಆರಿದವು. ಎಲ್ಲರೂ ಇವರನ್ನೇ ನೋಡುತ್ತಿದ್ದರು.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳು. ನನಗೆ ಶಾಪ ಹಾಕು, ನಾಲ್ಕು ಜನರ ಮುಂದೆ ನಿಂತು ಬೈ, ನಿನ್ನ ಗಂಡನ್ನ ಕರ್ಕೊಂಡು ಬಂದು ಬೈಸು. ಈ ಕೆಲಸ ಮಾತ್ರ ನಾನು ನಿನಗೆ ಕಲಿಸಲ್ಲ."