ಹಿಂಬಾಗಿಲ ಬಿಸಿಲು

ಜುಲೈ ತಿಂಗಳ ನಡುಮಧ್ಯಾಹ್ನ ಲಾಸ್ ವೇಗಸ್‌ಗೆ ಬರುವವನಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಆ ಊರಲ್ಲಿ ಮಗಳಿರಬೇಕು. ತನ್ನದು ಎರಡನೆಯ ಕಾರಣ ಎಂದು ವರ್ಲಿನ್ ತನ್ನೂರು ಕಿಂಗ್‌ಮನ್‌ನಿಂದ ಹೊರಡುವಾಗ ನೆರೆಯವರಿಗೆಲ್ಲ ಹೇಳಿ ಬಂದಿದ್ದ. ಪಿಕಪ್ ಗಾಡಿಯ ಎಸಿ ಕೆಟ್ಟು ಎಷ್ಟೋ ಕಾಲವಾಗಿತ್ತು. ಸ್ಟಿಯರಿಂಗ್ ಮುಟ್ಟಲಾಗದೆ ಒದ್ದೆ ಬಟ್ಟೆ ಸುತ್ತಿಕೊಂಡು ಮರುಭೂಮಿ ದಾಟಿದ್ದ. ಕ್ಯಾಸಿನೊದ ಬಾಗಿಲು ತೆರೆದು ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಮೈಯೆಲ್ಲ ಹಳೇ ಸುಖಕ್ಕೆ ಸಡಿಲವಾಯಿತು. ಹಾಗೆ ಸಡಿಲವಾದದ್ದಕ್ಕೆ ತನ್ನನ್ನೇ ಬೈದುಕೊಂಡ.

ಹೆಂಡತಿ ಎಡ್ನಾ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಮಗಳು ಡಾರ್ಲಾ ಮಣ್ಣಿಗೆ ಬರಲಿಲ್ಲ. ಅಪ್ಪ ಇರುವ ಕಡೆ ಬರುವುದಿಲ್ಲವೆಂದು ಹೂವು ಕಳಿಸಿ ಸುಮ್ಮನಾದಳು. ಅವನ ಫೋನ್ ಎತ್ತುತ್ತಿರಲಿಲ್ಲ. "ಹೋಗಿ ಅವಳ ಮುಖ ನೋಡಿ ತಪ್ಪಾಯ್ತು ಅನ್ನು. ಅಷ್ಟು ಮಾಡು ಸಾಕು" ಎಂದು ಎಡ್ನಾ ಹಾಸಿಗೆಯಲ್ಲಿ ಮಲಗಿ ಹೇಳಿದ್ದಳು. ಯಾವ ತಪ್ಪೆಂದು ಬಿಡಿಸಿ ಹೇಳಬೇಕಿರಲಿಲ್ಲ. ಡಾರ್ಲಾ ಸಣ್ಣವಳಿದ್ದಾಗ, ಇಂಥದೇ ಜುಲೈನಲ್ಲಿ, ಇದೇ ಊರಿನಲ್ಲಿ, "ಒಂದೇ ಆಟ, ಈಗ ಬಂದೆ" ಎಂದು ಅವಳನ್ನು ಗಾಡಿಯಲ್ಲಿ ಕೂರಿಸಿ ಒಳಗೆ ಹೋಗಿದ್ದ. ಕಾವಲುಗಾರನೊಬ್ಬ ಬಿಸಿಲಿಗೆ ಕಾದ ಗಾಡಿಯ ಗಾಜು ಒಡೆದು ಮಗುವನ್ನು ಎತ್ತಿಕೊಂಡ. ಅಷ್ಟಾದರೂ ವರ್ಲಿನ್‌ಗೆ ಬುದ್ಧಿ ಬರಲಿಲ್ಲ. ಆಟ ಬಿಟ್ಟದ್ದು ಎಡ್ನಾ ಕಾಯಿಲೆ ಬಿದ್ದ ಮೇಲೆ.

ಈಗ ಆ ಮಗಳೇ ಇಸ್ಪೀಟು ಹಂಚುವ ಕೆಲಸದಲ್ಲಿದ್ದಳು. ಅರ್ಧಚಂದ್ರದ ಮೇಜಿನ ಹಿಂದೆ ಕಪ್ಪು ಅಂಗಿ ತೊಟ್ಟು ನಿಂತಿದ್ದಳು. ಅಲ್ಲಿಯ ನೌಕರರು ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿನ ಕೆಳಗೆ ಹುಟ್ಟೂರು ಹಾಕಿಕೊಳ್ಳುತ್ತಾರೆ. ಡಾರ್ಲಾ ಕಿಂಗ್‌ಮನ್ ಬಿಟ್ಟು ಲಾಸ್ ವೇಗಸ್ ಎಂದೇ ಹಾಕಿಕೊಂಡಿದ್ದಳು.

ಅವನು ಕುರ್ಚಿಯ ಬೆನ್ನು ಹಿಡಿದು ನಿಂತ. ಪಕ್ಕದಲ್ಲಿ ಸಿಗರೇಟು ಸೇದುತ್ತಿದ್ದ ಡಾಟಿ ಎಂಬ ಮುದುಕಿ ತಲೆಯೆತ್ತಿದಳು.

"ಕೂತ್ಕೊಳ್ಳಪ್ಪ, ಕುರ್ಚಿ ಕಚ್ಚಲ್ಲ. ಕಚ್ಚೋದು ಈ ಹುಡುಗೀನೇ."

"ನಾನು ಆಡೋಕೆ ಬಂದಿಲ್ಲ."

"ಮತ್ತೆ ಬಿಸಿಲು ಕಾಯ್ಸೋಕೆ ಬಂದ್ಯಾ? ಇಲ್ಲಿ ಆಡದೇ ಇರೋರು ಕೂರಂಗಿಲ್ಲ."

ಡಾರ್ಲಾ ಅವನನ್ನು ಒಮ್ಮೆ ನೋಡಿದಳು. ಎಲೆ ಕಲೆಸುವ ಕೈ ನಿಲ್ಲಲಿಲ್ಲ. ಸಂಬಂಧಿಕರು ಬಂದು ಕೂತರೆ ಮೇಲ್ವಿಚಾರಕನಿಗೆ ಹೇಳಿಬಿಡಬೇಕು, ಅವರಿಗೆ ಎಲೆ ಹಂಚುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ಮುಚ್ಚಿಟ್ಟರೆ ಕೆಲಸಕ್ಕೇ ಕುತ್ತು. ಮೇಲ್ವಿಚಾರಕ ಬೆನಿಟೊ ಕೂಗಳತೆಯಲ್ಲೇ ಇದ್ದ. ಅವಳು ಹೇಳಲಿಲ್ಲ.

"ಬಿಲ್ಲೆ ಬೇಕಾ, ಸರ್?" ಎಂದಳು.

ಸರ್ ಎಂಬ ಮಾತು ಚುಚ್ಚಿತು. ಆದರೂ ಅವಳು ಓಡಿಸಲಿಲ್ಲವಲ್ಲ ಎಂದು ಕೂತ. ದುಡ್ಡು ಕೊಟ್ಟು ಬಿಲ್ಲೆ ಕೊಂಡು ಒಂದನ್ನು ಪಣವಾಗಿ ಮೇಜಿನ ಮೇಲಿನ ವೃತ್ತದಲ್ಲಿಟ್ಟ. ಎಲೆಗಳ ಲೆಕ್ಕ ಇಪ್ಪತ್ತೊಂದನ್ನು ಮುಟ್ಟಬೇಕು, ದಾಟಬಾರದು. ಇನ್ನೊಂದು ಎಲೆ ಬೇಕಾದಾಗ ಬೆರಳಿನಿಂದ ಮೇಜು ತಟ್ಟಿದ, ಸಾಕಾದಾಗ ಅಂಗೈ ಆಡಿಸಿದ. ಎಷ್ಟೋ ವರ್ಷಗಳ ಮೇಲೆ ಅಪ್ಪ ಮಗಳ ನಡುವೆ ನಡೆದ ಮಾತುಕತೆ ಅಷ್ಟು.

"ಅಮ್ಮ ಕೊನೇಲಿ ನಿನ್ನನ್ನೇ ಕೇಳ್ತಿದ್ಲು" ಎಂದ, ತುಟಿ ಅಲುಗಿಸದ ಹಾಗೆ.

ಅವಳ ಕೈಯಲ್ಲಿ ಎಲೆಯೊಂದು ತಡೆದು ನಿಂತಿತು. "ಹದಿನಾರಾಯ್ತು, ಸರ್. ಇನ್ನೊಂದು ಬೇಕಾ?"

ಅಷ್ಟರಲ್ಲಿ ಬದಲಿ ಹುಡುಗ ಬಂದು ಅವಳ ಭುಜ ತಟ್ಟಿದ. ಡಾರ್ಲಾ ಆ ಆಟ ಮುಗಿಸಿ ಕೈ ತಟ್ಟಿ, ಏನೂ ಕದ್ದಿಲ್ಲವೆಂದು ಎರಡೂ ಅಂಗೈಗಳನ್ನು ಸೂರಿನ ಕ್ಯಾಮೆರಾಕ್ಕೆ ತೋರಿಸಿದಳು. ಹೋಗುತ್ತ ಅವನ ಕಡೆ ಬಗ್ಗಿದಳು.

"ಇಪ್ಪತ್ತು ನಿಮಿಷ ಬಿಡುವಿದೆ. ನೌಕರರ ಹಿಂಬಾಗಿಲ ಹೊರಗೆ ನಿಂತಿರ್ತೀನಿ. ಬಾ ಅಪ್ಪ."

ಅಪ್ಪ ಎಂದಿದ್ದಳು. ವರ್ಲಿನ್ ಅವಸರದಲ್ಲಿ ಬಿಲ್ಲೆಗಳನ್ನು ಬಾಚಿ ಜೇಬಿಗೆ ತುರುಕಿ ಎದ್ದ. ವೃತ್ತದಲ್ಲಿ ಒಂದು ಉಳಿದುಹೋಗಿತ್ತು. ತೆಗೆಯುವುದರೊಳಗೆ ಬದಲಿ ಹುಡುಗ ಅದಕ್ಕೆ ಎಲೆ ಹಾಕಿಬಿಟ್ಟ. ಎಕ್ಕ.

"ನಿನ್ನ ಪುಣ್ಯ ನೋಡು" ಎಂದಳು ಡಾಟಿ. "ಎಕ್ಕ ಬಿಟ್ಟು ಎದ್ದೋಗ್ತಾರಾ ಯಾರಾದ್ರೂ?"

ನಿಂತೇ ಇದ್ದ. ಎರಡನೆಯ ಎಲೆಗೆ ರಾಜ ಬಂತು. ಇಪ್ಪತ್ತೊಂದು. ಹುಡುಗ ಗೆಲುವಿನ ಬಿಲ್ಲೆಗಳನ್ನು ಮುಂದೆ ತಳ್ಳಿದ. ವರ್ಲಿನ್ ಬಾಗಿಲ ಕಡೆ ನೋಡಿದ. ಬಿಡುವು ಇನ್ನೂ ಇದೆ ಎಂದುಕೊಂಡ. ಒಂದೇ ಆಟ ಎಂದುಕೊಂಡ. ಕುಂಡೆ ತಾನಾಗಿ ಕುರ್ಚಿಗೆ ಇಳಿಯಿತು.

ಆ ಸಭಾಂಗಣದಲ್ಲಿ ಗಡಿಯಾರವಿಲ್ಲ, ಕಿಟಕಿಯಿಲ್ಲ. ಆದರೆ ಅವನ ಕೈಯಲ್ಲೇ ಗಡಿಯಾರವಿತ್ತು. ಅದನ್ನವನು ನೋಡಲಿಲ್ಲ.

ಮತ್ತೆ ತಲೆಯೆತ್ತಿದಾಗ ಡಾರ್ಲಾ ಬದಲಿ ಹುಡುಗನ ಹಿಂದೆ ನಿಂತಿದ್ದಳು. ಮುಖ ಕೆಂಡದಂತಾಗಿತ್ತು. ಕೂದಲು ಹಣೆಗೆ ಅಂಟಿತ್ತು, ಅಂಗಿಯ ಕಾಲರು ನೆಂದು ಕುತ್ತಿಗೆಗೆ ಹತ್ತಿಕೊಂಡಿತ್ತು. ಹಿಂಬಾಗಿಲಲ್ಲಿ ನೆರಳಿಲ್ಲ. ಬಿಡುವು ಮುಗಿಯುವ ತನಕ ಅವಳು ಆ ಬಿಸಿಲಲ್ಲೇ ನಿಂತಿದ್ದಳು.

"ಈಗ್ಲೇ ಬರೋನಿದ್ದೆ ಮಗಳೇ, ಒಂದೇ..." ಎಂದ ವರ್ಲಿನ್.

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಹುಡುಗನನ್ನು ಬಿಡಿಸಿ ಮೇಜಿನ ಹಿಂದೆ ನಿಂತು ಬೆನಿಟೊನನ್ನು ಕರೆದಳು.

"ಬೆನಿಟೊ ಸರ್, ಇವ್ರು ನಮ್ಮಪ್ಪ. ನಾನು ಇವ್ರಿಗೆ ಹಂಚೋ ಹಾಗಿಲ್ಲ."

"ಅಪ್ಪನಾ?" ಎಂದಳು ಡಾಟಿ. "ಥೂ, ನಾನೇ ಎಳೆದು ಕೂರ್ಸಿದ್ನಲ್ಲ."

ಬೆನಿಟೊ ಹುಬ್ಬು ಗಂಟಿಕ್ಕಿದ. "ಆಗ್ಲೇ ಹಂಚಿದ್ಯಲ್ಲಮ್ಮ ಇವ್ರಿಗೆ? ನಂಗ್ಯಾಕೆ ಹೇಳ್ಲಿಲ್ಲ?"

"ಆಗ ಅವ್ರೇನಾ ಅಂತ ಖಾತ್ರಿ ಇರ್ಲಿಲ್ಲ ಸರ್. ಈಗ ಗೊತ್ತಾಯ್ತು."

ಬೆನಿಟೊ ಅವಳ ಮುಖವನ್ನೂ ಅವನ ಮುಖವನ್ನೂ ನೋಡಿದ. ಹೆಚ್ಚು ಕೆದಕಲಿಲ್ಲ. "ಬನ್ನಿ ಸರ್, ಪಕ್ಕದ ಮೇಜಲ್ಲಿ ಜಾಗ ಇದೆ. ಊಟಾನೂ ನಮ್ಮ ಲೆಕ್ಕದಲ್ಲೇ ಮಾಡ್ಕೊಂಡು ಹೋಗಿ" ಎಂದು ಊಟದ ಚೀಟಿಯೊಂದನ್ನು ಅವನ ಕೈಗಿಟ್ಟ.

ತಪ್ಪಾಯ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಡಾರ್ಲಾ ಆಗಲೇ ಡಾಟಿಗೆ ಎಲೆ ಹಾಕುತ್ತಿದ್ದಳು.

ಹೊರಗೆ ಹೋದರೆ ಸುಡುವ ಗಾಡಿ, ಅದರಾಚೆ ಖಾಲಿ ಮನೆ. ವರ್ಲಿನ್ ಪಕ್ಕದ ಮೇಜಿಗೆ ಹೋಗಿ ಕೂತ. ಅಲ್ಲಿಂದ ಮಗಳ ಬೆನ್ನು ಕಾಣುತ್ತಿತ್ತು. ಅವಳ ಅಂಗಿಯ ಬೆವರು ನಿಧಾನವಾಗಿ ಆರುತ್ತಿತ್ತು. ಈ ಮೇಜಿನಲ್ಲಿ ಎಲೆ ಹಂಚುವವಳು ಆಡ್ತೀರಾ ಎಂದು ಎರಡು ಸಲ ಕೇಳಿದ ಮೇಲೆ ಅವನು ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದು ವೃತ್ತದಲ್ಲಿಟ್ಟ.