ಮೂರು ತಾಸಿನ ಕೆರೆ

ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್ಲಿನ ಆ ಮನೆಯಲ್ಲಿ ಭಾನುವಾರದ ಅವಲಕ್ಕಿ ಮುಗಿದ ಮೇಲೆ ಟೀವಿಯಲ್ಲಿ ಸಿನಿಮಾ ನೋಡುವುದು ನಿಂತು ಮೂರು ವಾರವಾಗಿತ್ತು. ಈಗ ಟೀವಿ ತುಂಬ ನಿವೇದಿತಾಳ ಶೀಟು, ಪ್ರವಾಸದ ತಾಸುತಾಸಿನ ಲೆಕ್ಕವನ್ನು ಖಾನೆಖಾನೆಯಲ್ಲಿ ತುಂಬಿದ ಕಂಪ್ಯೂಟರ್ ಪಟ್ಟಿ. ಹುಬ್ಬಳ್ಳಿಗೆ ಮದುವೆಗೆ ಹೋಗುವ ದಾರಿಯಲ್ಲಿ ಕಾಂಬೋಡಿಯಾದಲ್ಲಿ ಮೂರು ದಿನ ಇಳಿದು, ಅಂಕೋರಿನ ಹಳೆಯ ಗುಡಿಗಳನ್ನು ನೋಡಿಯೇ ಮುಂದಕ್ಕೆ ಹೋಗುವುದೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಮೂರು ದಿನಕ್ಕೆ ಹದಿನೆಂಟು ಗುಡಿ! ದೇವರಿಗೇ ಏದುಸಿರು ಬರಬೇಕು, ಅಂಥ ಪ್ಲಾನು.

ಪ್ರತಿಯೊಬ್ಬರೂ ತಾವು ನೋಡಲೇಬೇಕಾದ ಒಂದನ್ನು ಹೇಳಬೇಕು ಎಂದು ಅವಳ ಅಪ್ಪಣೆ. ಗಂಡ ಸಿದ್ಧಾರೂಢ ಸೂರ್ಯೋದಯ ಎಂದ. ಪಾಪ, ವಾರದ ದಿನಗಳಲ್ಲಿ ಅವನು ಸೂರ್ಯನನ್ನು ನೋಡುವುದು ಸ್ಯಾನ್ ಹೊಸೆಗೆ ಹೋಗುವ ಫ್ರೀವೇಯಲ್ಲಿ, ಮುಂದಿನ ಕಾರಿನ ಗಾಜಿನಲ್ಲಿ. ಹತ್ತು ವರ್ಷದ ಮಗಳು ನಿಹಾರಿಕಾ ಮರದ ಬೇರು ನುಂಗಿದ ಗುಡಿ ಬೇಕೆಂದಳು. ನಿವೇದಿತಾಳ ತಾಯಿ ಬಂಗಾರೆವ್ವ ಬೆಟ್ಟದ ಮೇಲೆ ಹೊಳೆಯ ತಳದ ಬಂಡೆಯಲ್ಲಿ ಕೊರೆದ ಸಾವಿರ ಲಿಂಗಗಳನ್ನು ಬರೆಸಿದರು. ಅದಕ್ಕೆ ಮೂರನೆಯ ದಿನದ ಇಡೀ ಮುಂಜಾನೆ ಹೋಯಿತು.

"ಅಪ್ಪಾಜಿ, ನಿಮ್ಮದು?"

"ನಂದೇನೂ ಇಲ್ಲವ್ವಾ," ಎಂದರು ಗುರುಶಾಂತಪ್ಪನವರು. "ನೀವು ನೋಡಿದ್ದ ನಾನೂ ನೋಡ್ತೀನಿ."

ಇದು ಹಸಿ ಸುಳ್ಳು. ನೀರಾವರಿ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಎಂಜಿನಿಯರಾಗಿ ಸವೆದ ಅವರಿಗೆ ಅಲ್ಲಿ ಬೇಕಾಗಿದ್ದದ್ದು ಒಂದೇ: ಗುಡಿಗಳ ಪಶ್ಚಿಮಕ್ಕೆ ಇರುವ ದೊಡ್ಡ ಕೆರೆ. ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲ. ಬರೀ ಮಣ್ಣಿನ ಏರಿ. ಕಟ್ಟಿ ಸಾವಿರ ವರ್ಷವಾಗಿದೆ, ಇವತ್ತಿಗೂ ನೀರು ನಿಲ್ಲುತ್ತದೆ. ಗುರುಶಾಂತಪ್ಪನವರು ಇಡೀ ಸರ್ವೀಸಿನಲ್ಲಿ ತಾವೇ ನಿಂತು ಕಟ್ಟಿಸಿದ ಕೆರೆ ಒಂದೇ ಒಂದು. ಅದು ಮೊದಲ ಮಳೆಗಾಲದಲ್ಲೇ ಜಿನುಗಲು ಶುರುವಾಗಿ ದೀಪಾವಳಿಯ ಹೊತ್ತಿಗೆ ಒಣಗಿಹೋಗಿತ್ತು. ಊರವರು ಅದಕ್ಕೆ ಜರಡಿ ಕೆರೆ ಎಂದು ಹೆಸರಿಟ್ಟರು. ಆ ಅವಮಾನ ಇನ್ನೂ ಮಾಸಿರಲಿಲ್ಲ. ಸಾವಿರ ವರ್ಷ ನಿಂತ ಏರಿಯ ಮೇಲೆ ಒಮ್ಮೆ ನಡೆದು, ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ತಾನು ತಪ್ಪಿದ್ದೆಲ್ಲಿ ಎಂದು ನೋಡಬೇಕೆಂಬುದು ಅವರ ಆಸೆ.

ಹಾಗಾದರೆ ಬಾಯಿಬಿಟ್ಟು ಹೇಳಬಾರದೇ? ಹೇಳಬಾರದು. ಹೆಣ್ಣು ಕೊಟ್ಟ ಮನೆಯಲ್ಲಿ ಏನನ್ನೂ ಬೇಡಬಾರದೆಂಬುದು ಅವರ ಕಟ್ಟಳೆ. ಬಂದು ಹನ್ನೊಂದು ತಿಂಗಳಾದರೂ ಎರಡನೇ ಸಲ ಚಹಾ ಕೇಳಿದವರಲ್ಲ. ಬೇಕೆನಿಸಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು, ಅಷ್ಟೆ. ಸಾಲದ್ದಕ್ಕೆ, ಕೆರೆಗೆ ಸಾಲುವಂಥ ಹೊತ್ತು ಇದ್ದದ್ದು ಬಂಗಾರೆವ್ವನವರ ಮುಂಜಾನೆಯೊಂದೇ. ಹೆಂಡತಿಯ ಸಾವಿರ ಲಿಂಗಗಳ ಹೊತ್ತಿಗೆ ಕೈ ಹಾಕುವಷ್ಟು ಗಂಡೆದೆ ಅವರಿಗಿರಲಿಲ್ಲ.

ಗುರುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವರು ಶೀಟು ತೆರೆದರು. ಹದಿನೆಂಟು ಗುಡಿಗಳಿಂದ ಹತ್ತುಹತ್ತು ನಿಮಿಷ ಕಡಿದರು. ಹನಿಹನಿ ಕೂಡಿದರೆ ಹಳ್ಳ. ಸರಿಯಾಗಿ ಮೂರು ತಾಸು ಕೂಡಿತು. ಅದಷ್ಟನ್ನೂ ತಂದು ಮೂರನೆಯ ದಿನದ ಕೊನೆಗೆ ತುಂಬಿ, ಎದುರಿಗೆ "ಕಾಮಗಾರಿ ವೀಕ್ಷಣೆ" ಎಂದು ಬರೆದರು. ಇಷ್ಟು ಚೆಂದದ ಯೋಜನೆಯನ್ನು ಇಲಾಖೆಯಲ್ಲೂ ಮಾಡಿರಲಿಲ್ಲ ಎನಿಸಿ, ಅಂದು ಎರಡು ಚಪಾತಿ ಹೆಚ್ಚಿಗೆ ತಿಂದರು.

ಭಾನುವಾರ ಶೀಟು ಟೀವಿಗೆ ಬಂದಾಗ ಮೂರನೆಯ ದಿನ ಕೆಂಪಗೆ ಉರಿಯುತ್ತಿತ್ತು.

"ಮಾವಾರ, ನಮ್ಮ ಶೀಟಿನ್ಯಾಗ ಯಾರೋ ಕಳ್ಳ ಹೊಕ್ಕಾನ್ರೀ," ಎಂದ ಸಿದ್ಧಾರೂಢ. "ಆರಕ್ಕ ಫ್ಲೈಟು. ಐದರಿಂದ ಎಂಟರ ತನಕ ಕಾಮಗಾರಿ ವೀಕ್ಷಣೆ ಅಂತ!"

"ಹೌದೇನು? ಛೇ, ಛೇ," ಎಂದರು ಗುರುಶಾಂತಪ್ಪನವರು ಗೋಡೆ ನೋಡುತ್ತ.

ಕಳ್ಳನನ್ನು ಹುಡುಕಲು ಅಷ್ಟೇನೂ ಕಷ್ಟವಾಗಲಿಲ್ಲ. ಯಾರು ಯಾವಾಗ ಏನನ್ನು ತಿದ್ದಿದರೆಂದು ಶೀಟು ಒಂದನ್ನೂ ಮರೆಯುವುದಿಲ್ಲ. ನಿವೇದಿತಾ ಬೆರಳು ಒತ್ತಿದ್ದೇ ಹದಿನೆಂಟು ಕಡೆಯೂ ಅಪ್ಪನ ಹೆಸರು ಎದ್ದು ನಿಂತಿತು. ನಿಹಾರಿಕಾ ತನ್ನ ಬೇರಿನ ಗುಡಿಯ ಹತ್ತು ನಿಮಿಷ ಕಳುವಾದದ್ದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ಅಜ್ಜಾ, ಮಿನಿಟ್ಸ್ ಡೋಂಟ್ ರೋಲ್ ಓವರ್! ಮಂಡೇ ಸೇವ್ ಮಾಡಿದ್ದು ವೆನ್ಸ್‌ಡೇ ಬರಲ್ಲ!"

"ಯಾಕ ಬರಂಗಿಲ್ಲ? ಮಳಿಗಾಲದಾಗ ತುಂಬಿಸಿಟ್ಟ ನೀರು ಬ್ಯಾಸಿಗ್ಯಾಗ ಬರ್ತದಲ್ಲ?"

ಮನೆಯೆಲ್ಲ ಬಿದ್ದುಬಿದ್ದು ನಕ್ಕಿತು. ಗುರುಶಾಂತಪ್ಪನವರು ಮಾತ್ರ ನಗಲಿಲ್ಲ. ಈ ಲೆಕ್ಕವೂ ಸೋರಿತಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಾಗಿತ್ತು.

ನಿವೇದಿತಾ ಅವರ ಪಕ್ಕ ಬಂದು ಕೂತಳು. "ಅದೇನು ಅಪ್ಪಾಜಿ, ಕಾಮಗಾರಿ?"

"ಏನಿಲ್ಲ ಬಿಡವಾ. ಒಂದು ಕೆರಿ ಐತಿ. ಅಳಿಸಿಬಿಡು."

"ಅಳಿಸಬ್ಯಾಡ," ಎಂದರು ಬಂಗಾರೆವ್ವ. ಇಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. "ಊರ ಮಂದಿ ಜರಡಿ ಕೆರಿ ಅಂತ ನಗ್ಯಾಡಿದಾಗ ಇವರು ಎಂಟು ದಿನ ಹೊರಗ ಬಂದಿದ್ದಿಲ್ಲ. ನಾನೂ ನಕ್ಕಿದ್ದೆ ಆವಾಗ. ನಗಬಾರದಿತ್ತು." ಮಗಳ ಕಡೆ ತಿರುಗಿದರು. "ಮೂರನೇ ದಿನದ ಮುಂಜಾನಿ ಕೆರೀಗೆ ಹಾಕು."

ಗುರುಶಾಂತಪ್ಪನವರು ಗಾಬರಿಯಾದರು. "ಹುಚ್ಚೇನ ನಿನಗ? ಸಾವಿರ ಲಿಂಗ ನೋಡಬೇಕಂತ ಎಷ್ಟು ದಿನದಿಂದ ಕುಣೀಲಿಕ್ಕತ್ತಿ!"

ಬಂಗಾರೆವ್ವ ಸೆರಗಿನ ಕೆಳಗೆ ಎದೆಯ ಮೇಲೆ ಕೈಯಿಟ್ಟರು. ಅಯ್ಯನವರು ಕಟ್ಟಿದ ಲಿಂಗ ಹುಟ್ಟಿದಾಗಿನಿಂದ ಅಲ್ಲೇ ಇತ್ತು.

"ನನ್ನ ಲಿಂಗ ನನ್ನ ಕೊರಳಾಗ ಐತ್ರೀ. ನಿಮ್ಮ ಕೆರಿ ಎಲ್ಲೈತಿ?"

ನಿವೇದಿತಾ ಸಾವಿರ ಲಿಂಗವನ್ನೂ ಸಂಜೆಯ ಕಾಮಗಾರಿಯನ್ನೂ ಅಳಿಸಿ, ಮುಂಜಾನೆಗೆ ಕೆರೆಯ ಹೆಸರು ಹೊಡೆದಳು, ಕೆಂಪು ಹೋಯಿತು. ಗುರುಶಾಂತಪ್ಪನವರು ಎದ್ದು ಹೋಗಿ ಆ ಖಾನೆಯನ್ನು ಹತ್ತಿರದಿಂದ ಓದಿದರು. ಆಮೇಲೆ, ಮಗಳ ಮನೆಗೆ ಬಂದಮೇಲೆ ಮೊಟ್ಟಮೊದಲ ಸಲ, ಹೆಂಡತಿಯ ಕಡೆ ತಿರುಗಿ ಬಾಯಿಬಿಟ್ಟು ಕೇಳಿದರು:

"ಏರಿ ಮ್ಯಾಲೆ ನನ್ನ ಕೂಡ ನಡೀಲಿಕ್ಕೆ ನೀನೂ ಬರ್ತೀಯೇನು?"