ಮೆರುಗಣ್ಣನ ತಮ್ಮ

ಕಾರ್ಖಾನೆಯೊಳಗೆ ಹೊರಟಿದ್ದ ಅವಳನ್ನು ಬಡಗಿ ತಾತ ಬಾಗಿಲಲ್ಲೇ ತಡೆದ. ಮುಚ್ಚಳ ಇನ್ನೂ ಆಗಿಲ್ಲ, ಸ್ವಲ್ಪ ಹೊತ್ತು ವ್ಯಾನಿನಲ್ಲೇ ಕೂತಿರಿ ಎಂದ. ಹಾಗೆನ್ನುವಾಗ ಅವಳ ಮುಖ ನೋಡಲಿಲ್ಲ. ರಸ್ತೆಯಲ್ಲಿ ವ್ಯಾನು ನಿಂತಿತ್ತು. ಅದರೊಳಗೆ ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಅವಳ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಪಕ್ಕದಲ್ಲಿ ನಾದಿನಿ ಕಾವಲು ಕೂತಿದ್ದಳು.

ಮರದ ಸಾಮಾನು ಮಾಡುವ ಆ ಕಾರ್ಖಾನೆಯಲ್ಲಿ ಅವನು ಜೀವಮಾನವೆಲ್ಲ ಮೆರುಗೆಣ್ಣೆ ಹಚ್ಚಿದವನು. ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತು, ಮೆರುಗಣ್ಣ ಎಂಬುದೇ ಉಳಿದಿತ್ತು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎಂಬಂತೆ ಬದುಕಿದ ಮನುಷ್ಯ. ಪೆಟ್ಟಿಗೆಯನ್ನು ಕೊಂಡು ತರಬೇಡಿ, ನಾವೇ ಮಾಡುತ್ತೇವೆ ಎಂದು ಜೊತೆಗಾರರು ಹಟ ಹಿಡಿದಿದ್ದರು.

ಅವಳು ಬಂದದ್ದು ಮುಚ್ಚಳಕ್ಕಷ್ಟೇ ಅಲ್ಲ. ಅಲ್ಲಿ ಒಂದು ರೂಢಿಯಿತ್ತು. ಕೆಲಸದವನು ತೀರಿಕೊಂಡರೆ, ಮಣ್ಣಿಗಿಡುವ ಮುಂಚೆ ಅವನ ಉಪಕರಣವನ್ನು ಮನೆಯವರು ಬಂದು ಕೈಯಾರೆ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಸತ್ತವನು ಕೆಲಸ ಬಿಡುವುದಿಲ್ಲವಂತೆ. ಉಳಿ, ಗರಗಸ, ಸುತ್ತಿಗೆ ಹೀಗೆ ಎಷ್ಟೋ ಮನೆ ಸೇರಿದ್ದವು. ಮೆರುಗಣ್ಣನದು ಬರಿಗೈಯ ಕೆಲಸ, ಒಂದು ಬಟ್ಟೆಯುಂಡೆ ಸಾಕು. ಆ ಕೈಚಳಕ ಈಗ ಇದ್ದದ್ದು ಅವನೇ ಕಲಿಸಿದ, ಮೆರುಗು ಹಚ್ಚುವ ರೋಬೋಟಿನೊಳಗೆ. ಅದನ್ನು ಅಳಿಸುವವರೆಗೆ ಅದರ ಪಕ್ಕ ಕೆಲಸ ಮಾಡುವುದಿಲ್ಲವೆಂದು ಜನ ಕೂತುಬಿಟ್ಟಿದ್ದರು.

"ಅಳಿಸೋಕೆ ಅಂತಲೇ ಬಂದಿದೀನಿ ತಾತ. ದಾರಿ ಬಿಡಿ."

"ಒಂದು ತಪ್ಪಾಗೋಯ್ತು ಅಕ್ಕಾ," ಎಂದ ತಾತ. "ಯಾವ ಹಲಗೆ ಆದ್ರೂ ಕೊನೆಗೆ ಅದರ ಮೇಜಿಗೇ ಹೋಗೋದು. ಅಭ್ಯಾಸಬಲ ನೋಡಿ, ಮುಚ್ಚಳಾನೂ ಅಲ್ಲೇ ಇಟ್ಬಿಟ್ವಿ. ಅದು ಶುರು ಹಚ್ಕೊಂಡ ಮೇಲೆ ಹೊಳೀತು, ಯಾರ ಮುಚ್ಚಳಕ್ಕೆ ಯಾರ ಕೈ ಆಡ್ತಾ ಇದೆ ಅಂತ."

ನಿಲ್ಲಿಸಲು ಯಾರಿಗೂ ಧೈರ್ಯ ಬಂದಿರಲಿಲ್ಲ.

*

ಆ ಯಂತ್ರ ಬಂದ ಹೊಸದರಲ್ಲಿ ಮೆರುಗಣ್ಣ ದಿನವೂ ಅದರ ಮಣಿಕಟ್ಟು ಹಿಡಿದುಕೊಂಡು, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸುತ್ತಿದ್ದ. ಜೊತೆಯವರು ಅದಕ್ಕೆ ಮೆರುಗಣ್ಣನ ತಮ್ಮ ಎಂದು ನಾಮಕರಣ ಮಾಡಿ ನಕ್ಕರು. ಅವಳೂ ನಕ್ಕಳು. ನಿಮ್ಮ ತಮ್ಮ ಇವತ್ತು ಏನು ಕಲಿತ ಎಂದು ಸಂಜೆ ಕೆಣಕುತ್ತಿದ್ದಳು. ಒಂದು ದಿನ ಮಾತ್ರ ಅವನು ಉತ್ತರ ಕೊಟ್ಟ.

"ಹೇಳ್ಕೊಟ್ಟಿದ್ದನ್ನ ಕಲಿಯುತ್ತೆ. ಹೇಳ್ಕೊಡದೇ ಇದ್ದದ್ದನ್ನೂ ಕಲಿಯುತ್ತೆ."

ಹಾಗೆಂದವನು ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. ಪಾಠ ಮುಗಿದ ಮೇಲೆ ಆ ಕೈ ಮೊದಲಿನಂತಿರಲಿಲ್ಲ. ಊಟದ ತಟ್ಟೆಯ ಮುಂದೆಯೂ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಬಿದ್ದಿರುತ್ತಿತ್ತು. ವಯಸ್ಸಾಯಿತು ಎಂದುಕೊಂಡಳು.

*

ಒಳಗೆ ಎಲ್ಲರೂ ಗೋಡೆಗೆ ಒತ್ತಿ ನಿಂತಿದ್ದರು. ನಡುವೆ ಮೇಜು, ಮೇಜಿನ ಮೇಲೆ ಮುಚ್ಚಳ, ಅದರ ಮೇಲೆ ಆ ಕೈ. ಹೆಗಲಿಲ್ಲ, ಮುಖವಿಲ್ಲ, ಮಣಿಕಟ್ಟು ಮಾತ್ರ ಅವನದೇ. ಸುತ್ತಿ ಸುತ್ತಿ ತಂದು, ಕೊನೆಗೆ ಬೆರಳ ತುದಿಯಲ್ಲಿ ಕೊಡವಿದ ಹಾಗೆ ಎತ್ತುವ ರೀತಿ. ಮೂವತ್ತು ವರ್ಷ ಮನೆಯಲ್ಲಿ ಮೇಜು ಒರೆಸುವಾಗಲೂ ಅವನು ಹಾಗೆಯೇ ಎತ್ತುತ್ತಿದ್ದ. ಬೆಳಿಗ್ಗೆ ಅವಳೇ ತೊಳೆದು ಎದೆಯ ಮೇಲೆ ಮಡಚಿಟ್ಟು ಬಂದ ಕೈ ಅದು.

ಅಷ್ಟರಲ್ಲಿ ಕೈ ಕೆಲಸ ನಿಲ್ಲಿಸಿತು. ಮೇಲೆದ್ದು ಎಡಕ್ಕೆ, ಕಿಟಕಿಯ ಕಡೆಗೆ ತಿರುಗಿ, ಏನನ್ನೋ ನೋಡುವಂತೆ ಒಂದು ಗಳಿಗೆ ತಡೆದು, ಮತ್ತೆ ಹಲಗೆಗೆ ಬಾಗಿತು.

"ಅದೇನು?"

ಯಂತ್ರ ನೋಡಿಕೊಳ್ಳುವ ಇಂಜಿನಿಯರಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ವಿವರಿಸಿದಳು. ಯಾಕೆಂದು ಯಾರಿಗೂ ಗೊತ್ತಿಲ್ಲ. ಆ ಕಡೆ ಇರುವುದು ನೀರಿನ ಡ್ರಮ್ಮು ಒಂದೇ. ತಮ್ಮನಿಗೆ ಬಾಯಾರಿಕೆ ಎಂದು ಹುಡುಗರು ತಮಾಷೆ ಮಾಡುತ್ತಾರೆ. ಒಮ್ಮೆ ಆ ಚಲನೆಯನ್ನು ಕತ್ತರಿಸಿ ನೋಡಿದ್ದಳಂತೆ. ಹೆಣಿಗೆಯ ಒಂದು ಎಳೆ ಎಳೆದ ಹಾಗೆ ಮಿಕ್ಕದ್ದೆಲ್ಲ ಬಿಚ್ಚಿಕೊಂಡಿತು. ಹಾಗಾಗಿ ಇದ್ದಂತೆಯೇ ಬಿಟ್ಟಳು.

*

ಡ್ರಮ್ಮಿನ ಜಾಗದಲ್ಲಿ ಮೊದಲು ಅವಳ ಮೇಜಿತ್ತು. ಮದುವೆಗೆ ಮುಂಚಿನಿಂದಲೂ ಅವಳು ಅಲ್ಲಿ ಹಲಗೆಗಳಿಗೆ ಉಪ್ಪುಕಾಗದ ತಿಕ್ಕುತ್ತಿದ್ದಳು. ಅವನು ಕೆಲಸದ ನಡುವೆ ತಿರುಗಿ ನೋಡುತ್ತಿದ್ದ. ಮುಂದಿನ ಹಲಗೆ ತಡವಾಯಿತೆಂಬ ಒತ್ತಾಯವದು ಎಂದೇ ಅವಳ ಲೆಕ್ಕ. ಕೈ ಎರಡೇ ಇರೋದು, ಸುಮ್ನಿರಿ ಎಂದು ಸಿಡುಕುತ್ತಿದ್ದಳು. ಅವನು ಮತ್ತೆ ಹಲಗೆಗೆ ಬಾಗುತ್ತಿದ್ದ. ಧೂಳಿಗೆ ಎದೆ ಕಟ್ಟಿ ಅವಳು ಕೆಲಸ ಬಿಟ್ಟಳು. ಮೇಜನ್ನೂ ತೆಗೆದರು. ಈ ಮನುಷ್ಯ ನನ್ನನ್ನು ಕಣ್ಣೆತ್ತಿ ನೋಡುವವನಲ್ಲ ಎಂದು ಆಮೇಲೆ ನಾದಿನಿಯ ಹತ್ತಿರ ಎಷ್ಟು ಸಲ ಗೊಣಗಿದ್ದಳೋ.

*

"ಇದು ಬಂದಾಗ ನಾನು ಬಿಟ್ಟು ಎಷ್ಟೋ ವರ್ಷ ಆಗಿತ್ತು," ಎಂದಳು. "ಅಲ್ಲಿ ಯಾರೂ ಇರ್ಲಿಲ್ಲ."

ಅವಳು ನಡೆದುಹೋಗಿ ಡ್ರಮ್ಮಿನ ಮುಂದೆ ನಿಂತಳು.

ಕೈ ಸುತ್ತು ಮುಗಿಸಿ ಮೇಲೆದ್ದಿತು. ಎಡಕ್ಕೆ ತಿರುಗಿತು. ಈ ಸಲ ಮತ್ತೆ ಬಾಗಲಿಲ್ಲ. ಅವಳ ಎದುರಿಗೆ, ಬಟ್ಟೆಯುಂಡೆ ಹಿಡಿದುಕೊಂಡು, ಹಾಗೇ ನಿಂತಿತು.

ಮನುಷ್ಯರು ಹತ್ತಿರ ಬಂದರೆ ಪೆಟ್ಟಾಗದಿರಲೆಂದು ಅದು ನಿಲ್ಲುತ್ತದೆ, ಬೇರೇನಿಲ್ಲ ಎಂದು ಇಂಜಿನಿಯರಮ್ಮ ಸಮಾಧಾನ ಹೇಳಿದಳು. ಹಾಗೆಂದವಳು ತಾನೇ ಗೋಡೆಯತ್ತ ಸರಿದಳು. ನೀವು ಎರಡು ಹೆಜ್ಜೆ ಹಿಂದೆ ಬಂದರೆ ಅದು ಕೆಲಸ ಮುಂದುವರಿಸುತ್ತದೆ ಎಂದಳು. ತಡವಾದರೆ ಎಣ್ಣೆ ಆರಿ ಗೆರೆ ಬೀಳುತ್ತದೆ. ಹೊರಗೆ ವ್ಯಾನಿನವನು ಹಾರನ್ ಹೊಡೆದ.

ಅವಳು ಕದಲಲಿಲ್ಲ. ಕಣ್ಣೀರು ತಾನಾಗಿ ಇಳಿಯಿತು, ಅದರ ಜೊತೆ ಸಿಟ್ಟೂ ಬಂತು. ಬದುಕಿದ್ದಾಗ ಒಂದು ದಿನ ಬಾಯಿಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು?

"ಇವತ್ತೇ ಅಳಿಸ್ಬೇಕು ಅಂತ ಏನಿಲ್ಲ," ಎಂದಳು ಇಂಜಿನಿಯರಮ್ಮ. "ಇರ್ಲಿ ಬಿಡಿ. ಜನಕ್ಕೆ ನಾನು ಹೇಳ್ತೀನಿ. ನೀವು ಯಾವಾಗ ಬೇಕಾದ್ರೂ ಬಂದು ಹೀಗೆ ನಿಂತ್ಕೋಬಹುದು."

ಆಸೆಯಾಯಿತು. ಮನೆಯಲ್ಲಿ ಖಾಲಿ ಹಾಸಿಗೆ ಬಿಟ್ಟರೆ ಇನ್ನೇನಿತ್ತು? ಆದರೆ ಅವಳು ಬಾರದ ದಿನಗಳು ಕಣ್ಣ ಮುಂದೆ ಬಂದವು. ಅವಳೂ ಸತ್ತ ಮೇಲಿನ ದಿನಗಳು ಬಂದವು. ಈ ಕೈ ಪ್ರತಿ ಹಲಗೆಯ ನಡುವೆ ಎದ್ದು, ಇಲ್ಲದವಳನ್ನು ನೋಡಿ, ಬಾಗಿ, ಮತ್ತೆ ಎದ್ದು, ಮತ್ತೆ ನೋಡುತ್ತ, ಮುಗಿಯುವುದೇ ಇಲ್ಲ.

"ಅಳಿಸ್ಬಿಡಿ," ಎಂದಳು. "ಈಗಲೇ. ನಾನು ಇಲ್ಲಿರೋವಾಗಲೇ."

"ಮುಚ್ಚಳ ಅರ್ಧಕ್ಕೇ ನಿಂತ್ಹೋಗುತ್ತೆ ಅಕ್ಕಾ," ಎಂದ ತಾತ.

"ನಿಲ್ಲಲಿ. ಸತ್ತ ಮೇಲಾದ್ರೂ ಅವರಿಗೆ ರಜಾ ಬೇಡ್ವಾ?"

ರೂಢಿಯಂತೆ ಮನೆಯವರ ಕೈಯೇ ಆಗಬೇಕೆಂದು ಇಂಜಿನಿಯರಮ್ಮ ಅಳಿಸುವ ಬಟನ್ನಿದ್ದ ರಿಮೋಟನ್ನು ಅವಳಿದ್ದಲ್ಲಿಗೇ ತಂದು ಹಿಡಿದಳು. ಅವಳು ಕಣ್ಣು ಮುಚ್ಚದೆ ಒತ್ತಿದಳು. ಎದುರಿಗಿದ್ದ ಕೈ ಒಮ್ಮೆ ಅದುರಿ, ಮಣಿಕಟ್ಟಿನಲ್ಲಿ ಜೋತುಬಿತ್ತು. ಬಟ್ಟೆಯುಂಡೆ ನೆಲಕ್ಕುರುಳಿತು.

ನಾಲ್ವರು ಮುಚ್ಚಳ ಹೊತ್ತು ತಂದರು. ಆ ಕಡೆ ಹಸಿ ಇದೆ, ಬೆರಳು ಇಡಬೇಡ್ರೋ ಎಂದು ತಾತ ಗದರುತ್ತ ಹಿಂದೆ ಬಂದ. ಪೆಟ್ಟಿಗೆಯ ಮೇಲೆ ಕೂರಿಸಿ ಮೊಳೆ ಹೊಡೆದರು. ವ್ಯಾನು ಹೊರಟಿತು.

"ಯಾಕತ್ತಿಗೆ, ಅರ್ಧ ಮಾತ್ರ ಹಚ್ಚಿದಾರೆ?" ಎಂದಳು ನಾದಿನಿ.

ಅವಳು ಮುಚ್ಚಳದ ಮೇಲೆ ಬಾಗಿದಳು. ಒಂದು ಕಡೆ ಬರೀ ಮರ. ಗೆರೆಯ ಈಚೆಗೆ ಹಸಿ ಹೊಳಪು. ಅದರೊಳಗಿಂದ ಅವಳದೇ ಮುಖ, ತಲೆಗೂದಲ ನರೆಯೂ ಬಿಡದಂತೆ, ಅವಳನ್ನೇ ನೋಡುತ್ತಿತ್ತು.